ಇಂಗ್ಲಿಷ್ ಪಥ್ಯ

ದೂರಪ್ಪನ ಕಷ್ಟವೆಲ್ಲ ಶುರುವಾದದ್ದು ಮಹಡಿ ಮೆಟ್ಟಿಲ ಮೇಲೆ ಬಾಯಿಬಿಟ್ಟಿದ್ದರಿಂದ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅವರೂ ಒಂದು ಕಾಲದಲ್ಲಿ ಯಾವುದೋ ಮೆಟ್ಟಿಲ ಮೇಲೆ ಯಾರೋ ಮೇಷ್ಟರ ಕೈಗೆ ಸಿಕ್ಕಿಬಿದ್ದಿರಬೇಕು.

ದೂರಪ್ಪ ಎಂಬುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ಮಾಡುವ ಕಂಪನಿಯೊಂದರ ಶಾಖೆಯಲ್ಲಿ ಗಿರಾಕಿಗಳ ದೂರು ಕೇಳುವ ಕೌಂಟರಿನಲ್ಲಿ ಕೂತೂ ಕೂತೂ ಅಂಟಿಕೊಂಡ ಹೆಸರು. ಸುಟ್ಟ ಮಿಕ್ಸಿ ಹೊತ್ತು ಬಂದವರೆಲ್ಲ ಮೊದಲು ಬಯ್ಯುವುದು ಅವನನ್ನೇ, ಅವನೇ ಅವರ ಅಡುಗೆಮನೆಗೆ ನುಗ್ಗಿ ಅದನ್ನು ಸುಟ್ಟು ಬಂದ ಹಾಗೆ. ಅವನು ಕೈಮುಗಿಯುತ್ತಿದ್ದ, ತಪ್ಪಾಯಿತು ಎನ್ನುತ್ತಿದ್ದ, ಮತ್ತೆ ಬೈಸಿಕೊಳ್ಳುತ್ತಿದ್ದ. ಸಂಜೆ ಮನೆಗೆ ಬಂದು ಮುಖ ತೊಳೆದರೂ ಬೈಗುಳ ಕಿವಿಯಲ್ಲಿ ಗುಂಯ್‌ಗುಡುತ್ತಲೇ ಇರುತ್ತಿತ್ತು. ಹೆಂಡತಿ ಏನಾದರೂ ಕೇಳಿದರೆ, ಬಾಯಿತಪ್ಪಿ, "ರಸೀದಿ ತಂದಿದ್ದೀರಾ?" ಎಂದುಬಿಡುತ್ತಿದ್ದ. ಒಟ್ಟಿನಲ್ಲಿ ಮನುಷ್ಯ ದಣಿದುಹೋಗಿದ್ದ.

ಅಂಥವನ ಬಾಳಿನಲ್ಲಿ ಒಂದು ಆಸೆ ಚಿಗುರಿತು. ಶಾಖೆಯ ಹಿಂಬದಿಯಲ್ಲಿ ಬಿಡಿಭಾಗಗಳ ಸ್ಟೋರಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ನಿವೃತ್ತರಾದರು. ಒಂದು ಮೇಜು, ಒಂದು ಕಿಟಕಿ, ಮುಚ್ಚಿದರೆ ಹೊರಗಿನ ಸದ್ದು ಒಳಗೆ ಬಾರದಂಥ ದಪ್ಪ ಬಾಗಿಲು. ಒಳಗೆ ಇರುವುದೆಲ್ಲ ಸ್ಕ್ರೂ, ವಾಷರು, ಬ್ಲೇಡು, ಬೆಲ್ಟು. ವಾಷರು ಎಂದಾದರೂ ಯಾರನ್ನಾದರೂ ಬೈದದ್ದುಂಟೆ? ದೂರಪ್ಪ ಆ ಜಾಗಕ್ಕೆ ಅರ್ಜಿ ಹಾಕಿದ. ಸಾಮಾನು ಕಳಿಸುವ ವಿಭಾಗದ ಗುಮಾಸ್ತನೂ ಹಾಕಿದ. ಈ ಗುಮಾಸ್ತನಿಗೆ ಹ್ಞೂಂರಾಯ ಎಂದು ಹೆಸರು, ಯಾರು ಏನೇ ಕೇಳಿದರೂ ಅವನ ಉತ್ತರ ಅದೊಂದೇ ಆದ್ದರಿಂದ. ಆರಿಸಲು ಹೆಡ್ಡಾಫೀಸಿನಿಂದ ಮೇಡಂ ಒಬ್ಬರು ಬರುತ್ತಾರೆಂದೂ ಸಂದರ್ಶನ ಇಂಗ್ಲಿಷಿನಲ್ಲಿ ಎಂದೂ ಗೊತ್ತಾಯಿತು.

ಇಷ್ಟನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮೆಟ್ಟಿಲ ಮೇಲೆ ಮೇಲ್ಮಹಡಿಯ ಮೇಷ್ಟರು ಎದುರಾದರು. ನಿವೃತ್ತ ಇಂಗ್ಲಿಷ್ ಮೇಷ್ಟರು. ಪಾಠ ಹೇಳಲು ಯಾರೂ ಸಿಗದೆ ಅವರ ನಾಲಿಗೆ ತುಕ್ಕು ಹಿಡಿಯುತ್ತಿದ್ದ ಕಾಲ.

"ಏನಯ್ಯಾ, ಮುಖ ಅರಳಿದೆ?"

"ಸ್ಟೋರ್ ಕೆಲಸಕ್ಕೆ ಸಂದರ್ಶನ ಮೇಷ್ಟ್ರೇ. ಇಂಗ್ಲಿಷಲ್ಲಿ ನಾಲ್ಕು ಪ್ರಶ್ನೆ ಕೇಳ್ತಾರಂತೆ."

"ಸಹಿಸಿಕೊಳ್ಳೋದು ಅನ್ನೋದಕ್ಕೆ ಏನಂತೀಯ?"

"ಟಾಲರೇಟ್."

ಮೇಷ್ಟರು ಹುಳಿ ಮಜ್ಜಿಗೆ ಕುಡಿದವರಂತೆ ಮುಖ ಕಿವಿಚಿದರು. "ಅದು ಡಿಕ್ಷನರಿಯಲ್ಲಿ ಮಲಗಿರೋ ಹೆಣ ಕಣಯ್ಯಾ. ಜೀವ ಇರೋ ಇಂಗ್ಲಿಷಲ್ಲಿ 'ಪುಟ್ ಅಪ್ ವಿತ್' ಅಂತಾರೆ."

"ಪುಟ್ ಅಂದ್ರೆ ಇಡು, ಅಪ್ ಅಂದ್ರೆ ಮೇಲೆ, ವಿತ್ ಅಂದ್ರೆ ಜೊತೆ. ಮೂರೂ ಸೇರಿದ್ರೆ ಸಹಿಸಿಕೋ ಅಂತ ಹೆಂಗಾಗತ್ತೆ ಮೇಷ್ಟ್ರೇ?"

"ಹೆಂಗೆ ಅಂತ ಕೇಳಬಾರದು. ಅದು ಸಂಸಾರದ ಥರ. ಯಾಕೆ ಸೇರಿದ್ವಿ ಅಂತ ಗೊತ್ತಾಗಲ್ಲ, ಹೊಂದಿಕೊಂಡು ಹೋಗಬೇಕು."

ಅಂದಿನಿಂದ ದಿನಾ ಸಂಜೆ ಪಾಠ. ಬೈಸಿಕೊಂಡು ಬಂದವನನ್ನು ಮೇಷ್ಟರು ಮೆಟ್ಟಿಲಲ್ಲೇ ಅಡ್ಡಗಟ್ಟುತ್ತಿದ್ದರು. ಲುಕ್ ಇಂಟು ಎಂದರೆ ಒಳಗೆ ಇಣುಕುವುದಲ್ಲ, ವಿಚಾರಿಸುವುದು. ರನ್ ಔಟ್ ಆಫ್ ಎಂದರೆ ಹೊರಗೆ ಓಡುವುದಲ್ಲ, ಮುಗಿದುಹೋಗುವುದು. ಎರಡಕ್ಷರದ ಪುಟ್ಟ ಪುಟ್ಟ ಮಾತುಗಳು ಬಾಲ ಬದಲಾಯಿಸಿಕೊಂಡು ಬೇರೆ ಬೇರೆ ಮುಖದಲ್ಲಿ ಬಂದು ಅವನ ತಲೆಯಲ್ಲಿ ಬಿಡಾರ ಹೂಡಿದವು.

ಸಂದರ್ಶನದ ಹಿಂದಿನ ಸಂಜೆ ಮೇಷ್ಟರು ಕೊನೆಯ ಮದ್ದು ಅರೆದರು.

"ನಾಳೆ ನಿನಗೆ ಪಥ್ಯ. ಎದ್ದ ಗಳಿಗೆಯಿಂದ ಸಂದರ್ಶನ ಮುಗಿಯೋವರೆಗೆ ನಮ್ಮ ಮಾತು ಒಂದೂ ಬಾಯಿಂದ ಬೀಳಕೂಡದು. ಬರೀ ಇಂಗ್ಲಿಷು. ಅದರಲ್ಲೂ ಈಟು, ಗೋ, ಕಮ್ ಇವೆಲ್ಲ ಹಾಲುಗಲ್ಲದ ಮಕ್ಕಳಿಗೆ. ನುಡಿಗಟ್ಟು ಇಲ್ಲದ ವಾಕ್ಯ ಆಡಿದ್ರೆ ಪಥ್ಯ ಮುರಿದ ಹಾಗೆ."

"ಮೇಷ್ಟ್ರೇ, ಯಾರು ನೋಡೋಕೆ ಬರ್ತಾರೆ?"

"ಅದರ ಚಿಂತೆ ನಿನಗೆ ಬೇಡ. ಕಟ್ಟಡದೋರಿಗೆಲ್ಲ ಹೇಳಿದ್ದೀನಿ. ನಿಮ್ಮ ಆಫೀಸಿನ ಕ್ಯಾಷಿಯರಮ್ಮ ನನ್ನ ಹಳೇ ಶಿಷ್ಯೆ, ಅವಳಿಗೂ ಫೋನ್ ಮಾಡಿದ್ದೀನಿ."

ಬೇಡ ಎನ್ನುವ ಶಕ್ತಿಯೂ ದೂರಪ್ಪನಲ್ಲಿ ಉಳಿದಿರಲಿಲ್ಲ. ಬೇಡ ಎನ್ನಬಲ್ಲವನಾಗಿದ್ದರೆ ಅವನು ಅಷ್ಟು ವರ್ಷ ಆ ಕೌಂಟರಿನಲ್ಲಿ ಕೂರುತ್ತಿದ್ದನೆ?

ಮರುದಿನ ಬೆಳಿಗ್ಗೆ ಅವನ ಹೆಂಡತಿ ಆಸ್ಪತ್ರೆಯ ಮೊದಲ ಪಾಳಿಗೆ ಹೊರಟು ನಿಂತಿದ್ದಳು. ಅಲ್ಲಿ ಅವಳು ನರ್ಸು. ಗಂಡನ ಪಥ್ಯದ ವಿಷಯ ಅವಳಿಗೆ ಗೊತ್ತಿತ್ತು. ಆದರೆ ರೋಗಿಗಳ ಹಟಗಳನ್ನೇ ದಿನವಿಡೀ ನೋಡುವವಳಿಗೆ ಇದೊಂದು ದೊಡ್ಡದಲ್ಲ.

"ರೀ, ಈಗ ಪ್ಲಂಬರ್ ಬರ್ತಾನೆ. ಅಡುಗೆಮನೆ ನಲ್ಲಿ ಬಿಚ್ಚೋಕೆ ಮುಂಚೆ ಬಚ್ಚಲಮನೆ ಬಾಗಿಲ ಹಿಂದಿರೋ ವಾಲ್ವ್ ಮುಚ್ಚೋಕೆ ಹೇಳಿ. ಅಡುಗೆಮನೆಯದ್ದು ಸುಮ್ನೆ ತಿರುಗತ್ತೆ, ಮುಚ್ಚಲ್ಲ. ಗೊತ್ತಾಯ್ತಾ?"

"ಐ ವಿಲ್ ಸೀ ಟು ಇಟ್," ಎಂದ ದೂರಪ್ಪ.

"ನೋಡ್ತಾ ಕೂತ್ಕೋಬೇಡಿ, ಹೇಳಿ," ಎಂದು ಅವಳು ಚಪ್ಪಲಿ ಮೆಟ್ಟಿದಳು.

ಪ್ಲಂಬರು ಬಂದ. ಒಳ್ಳೆಯ ಕೆಲಸಗಾರ, ಆದರೆ ಅವಸರದ ಪ್ರಾಣಿ. ನೆಟ್ಟಗೆ ಅಡುಗೆಮನೆಗೆ ಹೋಗಿ, ಅಲ್ಲಿದ್ದ ವಾಲ್ವನ್ನು ಗರಗರನೆ ತಿರುಗಿಸಿ, "ಮುಚ್ಚಿದ್ದೀನಿ ಸಾರ್. ಬಿಚ್ಚಲಾ?" ಎಂದ.

ಬಚ್ಚಲಮನೆಯದ್ದನ್ನು ಮುಚ್ಚಪ್ಪಾ ಎಂಬ ಒಂದೇ ಮಾತು ಸಾಕಿತ್ತು. ಆ ಮಾತು ದೂರಪ್ಪನ ತುಟಿಯವರೆಗೂ ಬಂತು. ಆದರೆ ತೆರೆದ ಬಾಗಿಲಾಚೆ ಮೆಟ್ಟಿಲ ಮೇಲೆ ಮೇಷ್ಟರು ಪೇಪರ್ ಹಿಡಿದು, ಕಿವಿ ಮಾತ್ರ ಇತ್ತ ಇಟ್ಟು ಕೂತಿದ್ದರು. ಮುಚ್ಚುವುದಕ್ಕೆ ಕ್ಲೋಸ್ ಎನ್ನಬಹುದು. ಛೆ, ಅದು ಹಾಲುಗಲ್ಲದ ಮಾತು. ಟರ್ನ್ ಎಂದು ಶುರುವಾಗಬೇಕು. ಟರ್ನ್ ಆನ್, ಟರ್ನ್ ಅಪ್, ಟರ್ನ್ ಇನ್, ಟರ್ನ್ ಔಟ್, ಟರ್ನ್ ಡೌನ್, ಎಲ್ಲವೂ ಒಟ್ಟಿಗೆ ನುಗ್ಗಿ ಬಸ್ಸಿನ ಬಾಗಿಲಲ್ಲಿ ಸಿಕ್ಕಿಕೊಂಡವರಂತೆ ಒಂದನ್ನೊಂದು ಹೊರಗೆ ಬಿಡದೆ ನಿಂತವು.

ದೂರಪ್ಪ ಕೈಸನ್ನೆಗೆ ಇಳಿದ. ಬಚ್ಚಲಮನೆಯತ್ತ ಬೆರಳು ತೋರಿಸಿದ, ಕೈ ತಿರುವಿದ, ಕಣ್ಣರಳಿಸಿದ, ತುದಿಗಾಲಲ್ಲಿ ಕುಣಿದ.

ಪ್ಲಂಬರಿಗೆ ಅರ್ಥವಾಯಿತು. "ಅವಸರಾನಾ ಸಾರ್? ಹೋಗ್ಬನ್ನಿ, ಹೋಗ್ಬನ್ನಿ. ಇದಕ್ಕೆಲ್ಲ ಏನು ಸಂಕೋಚ. ಇಲ್ಲಿ ನಾನು ನೋಡ್ಕೋತೀನಿ."

ಇವನಿಗೆ ಹೇಳುವುದಕ್ಕಿಂತ ತಾನೇ ಮುಚ್ಚುವುದು ಮೇಲೆಂದು ದೂರಪ್ಪ ಬಚ್ಚಲಮನೆಗೆ ಓಡಿದ. ವಾಲ್ವಿಗೆ ತುಕ್ಕು ಹಿಡಿದಿತ್ತು. ಅವನು ಹಲ್ಲು ಕಚ್ಚಿ ಎರಡೂ ಕೈಯಲ್ಲಿ ತಿರುಚುತ್ತಿರುವಾಗ ಅಡುಗೆಮನೆಯಿಂದ ಒಂದು ಸದ್ದು ಬಂತು. ಅದರ ಹಿಂದೆಯೇ ಪ್ಲಂಬರಿನ ಕೂಗು. ಅದರ ಹಿಂದೆ ನೀರು.

"ಅಯ್ಯಯ್ಯೋ, ಕೈ ಅಡ್ಡ ಹಿಡಿಯೋ ಮಾರಾಯಾ!" ಎಂದು ಅರಚಿದ ದೂರಪ್ಪ.

"ಪಥ್ಯ ಕೆಡ್ತು!" ಮೆಟ್ಟಿಲ ಮೇಲಿಂದ ಮೇಷ್ಟರ ದನಿ ಬಂತು. "ಮೊದಲಿಂದ ಶುರು ಮಾಡು!"

"ಟರ್ನ್ ಆಫ್! ಟರ್ನ್ ಆಫ್!"

"ಭೇಷ್! ಆದ್ರೆ ಏನನ್ನ? ಕರ್ಮಪದ ಎಲ್ಲಯ್ಯಾ?"

ಕರ್ಮಪದ ಅಷ್ಟು ಹೊತ್ತಿಗೆ ಅಡುಗೆಮನೆ ದಾಟಿ ನಡುಮನೆಗೆ ಬಂದಿತ್ತು. ವಾಲ್ವು ಕಡೆಗೂ ಮುಚ್ಚಿತು, ಆದರೆ ದೂರಪ್ಪ ಅಡಿಯಿಂದ ಮುಡಿಯವರೆಗೆ ನೆಂದು ತೊಪ್ಪೆಯಾಗಿದ್ದ. ಸಂದರ್ಶನಕ್ಕೆಂದು ಇಸ್ತ್ರಿ ಮಾಡಿಸಿ ತೊಟ್ಟಿದ್ದ ಅಂಗಿ ಮೈಗೆ ಅಂಟಿ ತೊಟ್ಟಿಕ್ಕುತ್ತಿತ್ತು. ಪ್ಲಂಬರು ಮುಖ ಒರೆಸಿಕೊಳ್ಳುತ್ತ, "ಒಂದು ಮಾತು ಹೇಳಿದ್ರೆ ಏನು ಸಾರ್ ಮುತ್ತು ಉದುರ್ತಿತ್ತಾ?" ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಅದಕ್ಕೂ ದೂರಪ್ಪನಲ್ಲಿ ನುಡಿಗಟ್ಟು ಇರಲಿಲ್ಲ.

ಆಗ ಕೆಳಗಿನ ಮನೆಯ ಟೈಲರಮ್ಮ ಸೀರೆ ನೆರಿಗೆ ಎತ್ತಿಕೊಂಡು ದಡದಡ ಮೇಲೆ ಬಂದಳು.

"ಏನ್ರೀ ಇದು, ನನ್ನ ಮನೆ ಸೂರು ಸೋರ್ತಾ ಇದೆ! ಹೊಲಿದಿಟ್ಟ ಬಟ್ಟೆ ಎಲ್ಲಾ ಮುದ್ದೆ. ಗಿರಾಕಿಗಳಿಗೆ ಏನು ಹೇಳ್ಲಿ ನಾನು?"

ದೂರಪ್ಪ ಕೈಮುಗಿದ. ಕೈಮುಗಿಯುವುದು ಅವನಿಗೆ ಉಸಿರಾಟದಷ್ಟು ರೂಢಿ. "ಐ ವಿಲ್ ಮೇಕ್ ಅಪ್ ಫಾರ್ ಇಟ್," ಎಂದ.

"ಬೈದ್ರೂ ಪರವಾಗಿಲ್ಲ, ನಮ್ಮ ಮಾತಲ್ಲಿ ಬೈರಿ!" ಎಂದ ಟೈಲರಮ್ಮ ಅವನನ್ನು ಒಮ್ಮೆ ಸರಿಯಾಗಿ ನೋಡಿದಳು. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕಿಸುತ್ತ ನಿಂತ ಮನುಷ್ಯ. ಅವಳ ಸಿಟ್ಟು ಅರ್ಧ ಇಳಿಯಿತು. "ಓ, ಇವತ್ತು ಆ ಹಾಳು ಪಥ್ಯ ಅಲ್ವಾ? ಮೇಷ್ಟ್ರೇ, ಈ ಪಾಪದ ಪ್ರಾಣೀನ ಬಿಟ್ಟುಬಿಡಿ. ಇವರು ಸ್ಟೋರಿಗೆ ಹೋಗೋಕೆ ಮುಂಚೆ ಆಸ್ಪತ್ರೆಗೆ ಹೋಗ್ತಾರೆ."

"ಕಹಿ ಇಲ್ಲದ ಮದ್ದು ಇದೆಯೇನಮ್ಮಾ?" ಎಂದರು ಮೇಷ್ಟರು, ಪೇಪರಿನಿಂದ ಕಣ್ಣೆತ್ತದೆ.

ಕೊನೆಗೆ ಟೈಲರಮ್ಮನೇ ಯಾರೋ ಹೊಲಿಯಲು ಕೊಟ್ಟು ಮರೆತುಹೋದ ಒಂದು ಒಣ ಅಂಗಿ ತಂದುಕೊಟ್ಟಳು. ಆ ಯಾರೋ ಆನೆಯಂಥ ಆಳಿರಬೇಕು. ಅಂಗಿಯೊಳಗೆ ದೂರಪ್ಪ ಇದ್ದಾನೋ ಇಲ್ಲವೋ ಎಂದು ಕರೆದು ನೋಡಬೇಕಿತ್ತು. ತೋಳು ಮೂರು ಮಡಿಕೆ ಮಡಚಿಕೊಂಡು ಅವನು ಆಫೀಸಿಗೆ ಓಡಿದ.

ಅಲ್ಲಿ ಕ್ಯಾಷಿಯರಮ್ಮ ಕಾದಿದ್ದಳು. ಕೈಯಲ್ಲಿ ಮರದ ಸ್ಕೇಲು. ಅವಳ ಗಾಜಿನ ಗೂಡು ದೂರಪ್ಪನ ಕೌಂಟರಿಗೆ ಅಂಟಿಕೊಂಡೇ ಇತ್ತು. "ಮೇಷ್ಟ್ರು ಹೇಳಿದ್ದಾರೆ. ತಪ್ಪಿದ್ರೆ ಗಾಜಿಗೆ ಕುಟ್ತೀನಿ," ಎಂದಳು ಸಂಭ್ರಮದಿಂದ. ಓದುವಾಗ ಮೇಷ್ಟರಿಂದ ತಿಂದ ಏಟಿನ ಬಡ್ಡಿಯನ್ನು ಯಾರ ಮೇಲಾದರೂ ತೀರಿಸಲು ಅವಳಿಗೆ ಇಷ್ಟು ವರ್ಷದ ಮೇಲೆ ಒಂದು ದಾರಿ ಸಿಕ್ಕಿತ್ತು.

ಬಾಗಿಲು ತೆರೆಯುತ್ತಲೇ ಮೊದಲ ಗಿರಾಕಿ ನುಗ್ಗಿದ. ದಪ್ಪ ಮೀಸೆಯ ಹೋಟೆಲಿನವನು, ಕಂಕುಳಲ್ಲಿ ಮಿಕ್ಸಿ. ಮೇಜಿನ ಮೇಲೆ ಅದನ್ನು ಕುಕ್ಕಿ ಅರಚಿದ.

"ಏನ್ರೀ ಇದು, ಮಿಕ್ಸಿನೋ ಒಲೆನೋ? ರಿಪೇರಿ ಮಾಡಿಸಿದಷ್ಟು ಸಲವೂ ಸುಡತ್ತೆ! ನಿಮಗೇನು ಮಾನ ಮರ್ಯಾದೆ ಇದೆಯಾ ಇಲ್ವಾ?"

ಬೇರೆ ದಿನವಾದರೆ ದೂರಪ್ಪ ಇಲ್ಲಿ ಕೈಮುಗಿಯಬೇಕು, ಅವನು ಇನ್ನೊಂದು ಸುತ್ತು ಬೈಯಬೇಕು. ಇಂದು ದೂರಪ್ಪ ಸ್ಕೇಲಿನತ್ತ ಒಮ್ಮೆ ನೋಡಿ ಕಣ್ಣು ಮುಚ್ಚಿ ಒಪ್ಪಿಸಿದ. "ಪ್ಲೀಸ್ ಬೇರ್ ವಿತ್ ಅಸ್. ವಿ ಶಲ್ ಲುಕ್ ಇಂಟು ಇಟ್. ವಿ ಶಲ್ ಗೆಟ್ ಟು ದ ಬಾಟಮ್ ಆಫ್ ಇಟ್."

ಹೋಟೆಲಿನವನು ಮುಂದಿನ ಬೈಗುಳಕ್ಕೆಂದು ತೆರೆದ ಬಾಯನ್ನು ತೆರೆದೇ ಇಟ್ಟುಕೊಂಡ. ಬೈಗುಳಕ್ಕೆ ಬೈಗುಳ ಬಂದರೆ ಜಗಳ. ಬೈಗುಳಕ್ಕೆ ಕ್ಷಮೆ ಬಂದರೆ ಇನ್ನಷ್ಟು ಬೈಯಬಹುದು. ಇದಕ್ಕೆ ಏನು ಮಾಡುವುದು? ಅವನು ಆಚೀಚೆ ನೋಡಿದ. ಮೀಸೆ ಇಳಿಯಿತು. "ನಾನು... ಆಮೇಲೆ ಬರ್ತೀನಿ," ಎಂದು ಮಿಕ್ಸಿಯನ್ನು ಮಗುವಿನಂತೆ ಎತ್ತಿಕೊಂಡು ಹೋದ.

ಹಿಂದೆ ನಿಂತಿದ್ದವರು ಇದನ್ನು ನೋಡಿದರು. ಇಸ್ತ್ರಿಪೆಟ್ಟಿಗೆ ತಂದಿದ್ದ ಹೆಂಗಸು ಮೆಲ್ಲಗೆ ಮಾತಾಡಿ, ಎರಡು ನುಡಿಗಟ್ಟು ಕೇಳಿ, ಮೆಲ್ಲಗೆ ಹಿಂದೆ ಸರಿದಳು. ಫ್ಯಾನಿನವರು ಫ್ಯಾನಿನ ಕಟ್ಟು ಬಿಚ್ಚದೆಯೇ ಹಿಂತಿರುಗಿದರು. ಮಧ್ಯಾಹ್ನದ ಹೊತ್ತಿಗೆ ಕೌಂಟರಿನ ಮುಂದೆಲ್ಲ ಖಾಲಿ. ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ ದೂರಪ್ಪನಿಗೆ ಗೋಡೆ ಗಡಿಯಾರದ ಸದ್ದು ಕೇಳಿಸಿತು. ಸ್ಟೋರಿನಲ್ಲಿ ದಿನಾ ಹೀಗೇ ಇರುತ್ತದೆ ಎಂದುಕೊಂಡ. ಎದೆ ಹಗುರಾಯಿತು. ಇನ್ನು ಸ್ವಲ್ಪವೇ ಹೊತ್ತು.

ಸಂದರ್ಶನಕ್ಕೆ ಮೊದಲು ಹ್ಞೂಂರಾಯ ಒಳಗೆ ಹೋದ. ಹೋದ ವೇಗದಲ್ಲೇ ಹೊರಬಂದ. ಏನು ಕೇಳಿದರೆಂದು ದೂರಪ್ಪ ಹುಬ್ಬಿನಲ್ಲೇ ವಿಚಾರಿಸಿದ. ಅವನು, "ಹ್ಞೂಂ," ಎಂದು ಹೋಗಿ ತನ್ನ ಜಾಗದಲ್ಲಿ ಕೂತ. ಪಾಪ, ಇವನ ಕತೆ ಮುಗಿಯಿತು ಎಂದು ದೂರಪ್ಪನಿಗೆ ನಿಜಕ್ಕೂ ಕನಿಕರವಾಯಿತು.

ಹೆಡ್ಡಾಫೀಸಿನ ಮೇಡಂ ಚುರುಕು ಕಣ್ಣಿನ ಹೆಂಗಸು. ಅವನ ಅಂಗಿಯ ತೋಳುಗಳನ್ನು ಒಮ್ಮೆ ನೋಡಿದರೂ ಏನೂ ಅನ್ನಲಿಲ್ಲ. ನೀವು ಯಾಕೆ ಸ್ಟೋರಿಗೆ ಹೋಗಬೇಕೆನ್ನುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಷ್ಟೇ.

ದೂರಪ್ಪ ಬಾಯಿ ತೆರೆದ. ಬೆಳಿಗ್ಗೆ ಸಿಕ್ಕಿಕೊಂಡಿದ್ದ ಮಾತುಗಳು ಈಗ ಒಂದರ ಹಿಂದೊಂದು ಇಳಿದು ಬಂದವು. ಐ ಆಮ್ ಫೆಡ್ ಅಪ್, ಮೇಡಂ. ಫಾರ್ ಇಯರ್ಸ್ ಐ ಪುಟ್ ಅಪ್ ವಿತ್ ಇಟ್. ನೌ ಐ ಹ್ಯಾವ್ ರನ್ ಔಟ್ ಆಫ್ ಪೇಶನ್ಸ್. ಐ ಆಮ್ ವೋರ್ನ್ ಔಟ್. ಈವನ್ ಅಟ್ ಹೋಮ್ ಐ ಕಾಂಟ್ ಸ್ವಿಚ್ ಆಫ್. ಐ ಆಮ್ ಅಟ್ ದ ಎಂಡ್ ಆಫ್ ಮೈ ಟೆದರ್. ಕೊನೆಯದನ್ನು ಮೇಷ್ಟರು ಹೇಳಿಕೊಡುವಾಗ, ಗೂಟಕ್ಕೆ ಕಟ್ಟಿದ ಹಸು ಹಗ್ಗದ ಕೊನೆಯವರೆಗೂ ಮೇಯ್ದು ಇನ್ನು ಮುಂದೆ ಹೋಗಲಾರದೆ ನಿಂತ ಹಾಗೆ ಎಂದು ವಿವರಿಸಿದ್ದರು. ಅದನ್ನು ಹೇಳುವಾಗ ಅವನ ಕಣ್ಣು ತುಂಬಿತು. ತನ್ನ ಮಾತಿನಲ್ಲಿ ಹೆಂಡತಿಗೂ ಹೇಳದಿದ್ದ ದಣಿವು ಯಾರದೋ ಮಾತಿನಲ್ಲಿ ಹೊರಗೆ ಬಂದಿತ್ತು. ಇದು ಪಾಠವಲ್ಲ, ನಿಜ ಎಂದು ಮೊದಲ ಬಾರಿಗೆ ಅವನಿಗೇ ಗೊತ್ತಾದದ್ದು ಆಗ.

ಮೇಡಂ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಅವರ ಮುಖ ಬೆಳಗಿತು. ಇಂಗ್ಲಿಷನ್ನು ಬದಿಗಿಟ್ಟು ನಮ್ಮ ಮಾತಿನಲ್ಲೇ ಶುರುಮಾಡಿದರು.

"ನಿಜ ಹೇಳ್ಲಾ? ಈ ಸಂದರ್ಶನ ಬರೀ ಶಾಸ್ತ್ರಕ್ಕೆ. ಸರ್ವೀಸಲ್ಲಿ ನೀವೇ ಹಿರಿಯರು, ಸ್ಟೋರಿಗೆ ನಿಮ್ಮನ್ನೇ ಹಾಕೋದು ಅಂತ ಹೆಡ್ಡಾಫೀಸಲ್ಲಿ ಮೊದಲೇ ತೀರ್ಮಾನ ಆಗಿತ್ತು. ನೀವು ಒಳಗೆ ಬಂದು ಗುಡ್ ಆಫ್ಟರ್‌ನೂನ್ ಅಂದು ಕೂತಿದ್ರೂ ಸಾಕಿತ್ತು."

ಆಗಿತ್ತು, ಸಾಕಿತ್ತು. ಆ 'ಇತ್ತು' ಕೇಳಿ ದೂರಪ್ಪನ ಖುಷಿ ಅರ್ಧಕ್ಕೇ ನಿಂತಿತು.

"ಆದ್ರೆ ಬೆಳಿಗ್ಗೆಯಿಂದ ನಾನು ಮ್ಯಾನೇಜರ್ ರೂಮಿನ ಗಾಜಿಂದ ನಿಮ್ಮ ಕೌಂಟರ್ ನೋಡ್ತಾ ಇದ್ದೆ. ಜಗಳಕ್ಕೆ ಬಂದವರೆಲ್ಲ ಬೆಕ್ಕಿನ ಮರಿ ಥರ ವಾಪಸ್ ಹೋಗ್ತಿದ್ರಲ್ರೀ! ಈಗ ಈ ಇಂಗ್ಲಿಷ್ ಬೇರೆ ಕೇಳಿದೆ. ದಣಿವನ್ನ ಎಷ್ಟು ಚೆನ್ನಾಗಿ ಹೇಳಿದ್ರಿ! ಇಂಥವರನ್ನ ಸ್ಟೋರಲ್ಲಿಟ್ಟು ಬೀಗ ಹಾಕೋದಾ? ಇನ್ಮೇಲೆ ಎಲ್ಲಾ ಶಾಖೆಗಳ ದೂರೂ ನಿಮ್ಮ ಕೌಂಟರಿಗೇ ಬರತ್ತೆ. ಒಂದು ಫೋನೂ ಹಾಕಿಸ್ತೀನಿ."

"ಮೇಡಂ, ಸ್ಟೋರು..." ದೂರಪ್ಪನ ಪಥ್ಯ ಯಾವಾಗ ಮುರಿಯಿತೋ ಅವನಿಗೇ ತಿಳಿಯಲಿಲ್ಲ.

"ಅದಕ್ಕೆ ಅವರಿದ್ದಾರಲ್ಲ. ಕೇಳಿದ್ದಕ್ಕೆಲ್ಲ ಹ್ಞೂಂ ಅಂದ್ರು. ಸ್ಕ್ರೂಗಳ ಹತ್ರ ಅಷ್ಟು ಮಾತು ಸಾಕು."

"ಮೇಡಂ, ನನಗೆ ಇಂಗ್ಲಿಷ್ ಬರಲ್ಲ ಮೇಡಂ. ದೇವರಾಣೆಗೂ ಬರಲ್ಲ."

ಮೇಡಂ ಮನಸಾರೆ ನಕ್ಕರು. "ನೋಡಿದ್ರಾ ವಿನಯಾನ! ಚೆನ್ನಾಗಿ ಬರೋವ್ರು ಮಾತ್ರ ಹೀಗನ್ನೋದು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ದೂರಪ್ಪನದು ಬಾಯಿಂದಲೇ ಬಿದ್ದುಹೋದ ತುತ್ತು. ಅವನು ಹೊರಗೆ ಬಂದಾಗ ಕ್ಯಾಷಿಯರಮ್ಮ ಸ್ಕೇಲು ಬಿಸಾಡಿ ಚಪ್ಪಾಳೆ ತಟ್ಟಿದಳು. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡು ಆಗಲೇ ಮೇಷ್ಟರಿಗೆ ಫೋನು ಮಾಡಿದ್ದಳಂತೆ. ಮೇಷ್ಟರು ಆನಂದದಲ್ಲಿ ಅತ್ತುಬಿಟ್ಟರಂತೆ. ಹ್ಞೂಂರಾಯ ಸ್ಟೋರಿನ ಬೀಗದ ಕೈ ತೆಗೆದುಕೊಂಡು ಹಿಂದಕ್ಕೆ ನಡೆದ. ಆ ದಪ್ಪ ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು.

ದೂರಪ್ಪ ತನ್ನ ಹಳೆಯ ಕುರ್ಚಿಯಲ್ಲಿ ಕುಸಿದ. ಇರಲಿ, ಕೌಂಟರಾದರೂ ಈಗ ತಣ್ಣಗಿದೆ, ಬೈಯುವವರಿಲ್ಲ ಎಂದು ಸಮಾಧಾನ ಹೇಳಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಗಲಾಟೆ ಕೇಳಿಸಿತು. ಬೆಳಿಗ್ಗೆ ಬೆಕ್ಕಿನ ಮರಿಗಳಾಗಿ ಹೋದವರೆಲ್ಲ ಹಿಂತಿರುಗಿದ್ದರು. ಒಬ್ಬೊಬ್ಬರ ಜೊತೆಗೂ ಇನ್ನೊಬ್ಬರು. ಇಸ್ತ್ರಿಪೆಟ್ಟಿಗೆಯ ಹೆಂಗಸು ಕಾಲೇಜು ಓದುವ ಮಗಳನ್ನು ಕರೆತಂದಿದ್ದಳು. ಫ್ಯಾನಿನವರ ಜೊತೆ ಕನ್ನಡಕದ ವಕೀಲರೊಬ್ಬರು. ಎಲ್ಲರಿಗಿಂತ ಮುಂದೆ ಹೋಟೆಲಿನವನು, ಮೀಸೆ ಮತ್ತೆ ಮೇಲೇರಿತ್ತು, ಪಕ್ಕದಲ್ಲಿ ಟೈ ಕಟ್ಟಿದ ಎಳೆ ವಯಸ್ಸಿನವನೊಬ್ಬ.

"ಇವನು ನಮ್ಮ ಬಾಮೈದ. ಈಗ ಮಾತಾಡ್ರೀ, ನೋಡೋಣ," ಎಂದ ಹೋಟೆಲಿನವನು ಮಿಕ್ಸಿ ಕುಕ್ಕಿ.

ಬಾಮೈದ ಗಂಟಲು ಸರಿಮಾಡಿಕೊಂಡ. "ವಿ ವಿಲ್ ನಾಟ್ ಬಿ ಫಾಬ್ಡ್ ಆಫ್!"

ಸಬೂಬು ಹೇಳಿ ಸಾಗಹಾಕಲು ಬಿಡೆವು ಎಂಬ ಈ ನುಡಿಗಟ್ಟು ಮೇಷ್ಟರ ಪಾಠದಲ್ಲಿ ಇನ್ನೂ ಬಂದಿರಲಿಲ್ಲ. ಬೈಗುಳವೇ ಇರಬೇಕು. ದೂರಪ್ಪ ಅವನನ್ನು ನೋಡಿದ, ಅವನ ಹಿಂದೆ ಬಾಗಿಲವರೆಗೂ ಜೋಡಿ ಜೋಡಿಯಾಗಿ ನಿಂತವರನ್ನು ನೋಡಿದ, ಎರಡೂ ಕೈ ಜೋಡಿಸಿದ.

"ತಪ್ಪಾಯ್ತಪ್ಪಾ. ಮಿಕ್ಸಿ ಇಲ್ಲಿ ಕೊಡಿ, ಈಗಲೇ ಮಾಡಿಸಿಕೊಡ್ತೀನಿ."

ಬಾಮೈದನ ಮುಖ ಕಪ್ಪಿಟ್ಟಿತು. ಮೇಜಿನ ಮೇಲೆ ಎರಡೂ ಕೈ ಊರಿ ಮುಂದಕ್ಕೆ ಬಾಗಿದ.

"ಇಂಗ್ಲಿಷಲ್ಲಿ ಹೇಳಿ ಸಾರ್. ನಾನು ಅದಕ್ಕೋಸ್ಕರಾನೇ ರಜಾ ಹಾಕಿ ಬಂದಿದ್ದೀನಿ."